ಹಿಡಿ ಅಡಿಕೆ, ಹೊಳೆಯುವ ಚುಕ್ಕೆ

ಕೊಪ್ಪದ ಅಡಿಕೆ ವ್ಯಾಪಾರಿಗೆ ಒಂದು ಚಟ: ಚೀಲಕ್ಕೆ ಕೈ ಹಾಕಿ ಹಿಡಿಯಷ್ಟು ತೆಗೆದು ಇಡೀ ಚೀಲದ ಜಾತಕ ಹೇಳಿಬಿಡುವುದು. ನಾನು ಅಂಗಡಿ ಕಟ್ಟಿದ್ದೇ ಆ ಹಿಡಿಯಿಂದ. ಹಾಗಾಗಿ ತಂಗಿಯ ಮಗಳು ರಜೆಗೆ ಬಂದು ನನ್ನ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಾಗ ಸಲಹೆ ಕೊಡದೆ ಇರಲಾಗಲಿಲ್ಲ.

ಅವಳದು ಸಂಶೋಧನೆ. ಗೋಡೆಯ ಬಿಳಿ ಪೇಂಟಿನಲ್ಲಿರುತ್ತದಲ್ಲ, ಟೈಟಾನಿಯಂ ಆಕ್ಸೈಡ್, ಅದರ ಹರಳಿನ ಮೈಯ ಚಿತ್ರವನ್ನು ಸೂಜಿಮೊನೆಯ ಸೂಕ್ಷ್ಮದರ್ಶಕವೊಂದು ತೆಗೆದಿತ್ತು. ಪರಮಾಣುಗಳ ಸಾಲು, ನಡುನಡುವೆ ಹೊಳೆಯುವ ಚುಕ್ಕೆ. ಅಲ್ಲೊಂದು ಆಮ್ಲಜನಕ ಕಳಚಿ ಗುಂಡಿ ಬಿದ್ದಿದೆ ಎಂದು ಅವಳೂ ಅವಳ ಗೈಡೂ ಪ್ರಬಂಧ ಬರೆದು ವಿಜ್ಞಾನ ಪತ್ರಿಕೆಯೊಂದಕ್ಕೆ ಕಳಿಸಿಯಾಗಿತ್ತು. ಪರಿಶೀಲಿಸಿದವರು ಕೇಳಿದ್ದರು: ಗುಂಡಿಯೋ, ಆಮ್ಲಜನಕದ ತಲೆಯ ಮೇಲೆ ಹೈಡ್ರೋಜನ್ ಕೂತಿದೆಯೋ? ಯಾವುದೆಂದು ತೋರಿಸದಿದ್ದರೆ ಅವಳ ಮೊದಲ ಪ್ರಬಂಧ ವಾಪಸ್.

ಎರಡೂ ಅನುಮಾನಗಳನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಸೂಕ್ಷ್ಮದರ್ಶಕಕ್ಕೆ ಅವು ಹೇಗೆ ಕಾಣುತ್ತವೆಂದು ಲೆಕ್ಕ ಹಾಕಿ, ನಿಜವಾದ ಚಿತ್ರದ ಪಕ್ಕ ಇಡಬೇಕು. ಆದರೆ ಕಾಲೇಜಿನ ದೊಡ್ಡ ಕಂಪ್ಯೂಟರಿಗೆ ಸರದಿ. ಕಟ್ಟುವ ಹರಳಿನ ತುಂಡು ದೊಡ್ಡದಾದಷ್ಟೂ ಕಾಯುವುದು ಹೆಚ್ಚು.

“ಎಂತಕ್ಕೆ ಅಷ್ಟು ದೊಡ್ಡದು ಮಾರಾಯ್ತಿ? ಒಂದು ಹಿಡಿ ಸಾಕು,” ಎಂದೆ.

“ಸರಿ ಮಾವ, ಸಣ್ಣದೇ ಹಾಕ್ತೆ. ಅದನ್ನೇ ಪಕ್ಕಪಕ್ಕ ಜೋಡಿಸ್ಕೊಂಡು ಹೋಗ್ತದೆ ಕಂಪ್ಯೂಟರು.”

ಬಂದ ಉತ್ತರ ನೋಡಿ ಇಬ್ಬರೂ ಪೆಚ್ಚಾದೆವು. ಚುಕ್ಕೆಗಳೇ ಇಲ್ಲ, ಎರಡರಲ್ಲೂ ಸಾಲಿನುದ್ದಕ್ಕೂ ಬಿಳಿ ಪಟ್ಟಿ. ಸ್ವಲ್ಪ ಹೊತ್ತು ದಿಟ್ಟಿಸಿ ಅವಳು ನಗತೊಡಗಿದಳು.

“ಮಾವ, ನಿಮ್ಮ ಹಿಡಿಯಲ್ಲಿ ಒಂದು ಹುಳುಕು ಬಂದ್ರೆ, ಚೀಲದ ತುಂಬ ಹುಳುಕಿಗೆ ಹುಳುಕು ತಾಗಿ ಕೂತಿದೆ ಅಂತೀರಾ?”

“ರೈತನ ಹತ್ರ ಹಾಗೇ ಹೇಳ್ತೆ. ದರ ಇಳೀಬೇಕಲ್ಲ!”

“ಕಂಪ್ಯೂಟರು ಅದನ್ನ ನಂಬಿಬಿಟ್ಟಿದೆ. ಗುಂಡಿ ಪಕ್ಕದಲ್ಲೇ ಗುಂಡಿ ಮಾಡಿಟ್ಟಿದೆ.”

ಮತ್ತೆ ದೊಡ್ಡ ತುಂಡನ್ನೇ ಕಟ್ಟಿದಳು. ಕಾಯುವ ಹೊತ್ತಿಗೆ ಶೃಂಗೇರಿಗೆ ಹೋಗಿ ಮೀನಿಗೆ ಮಂಡಕ್ಕಿ ಹಾಕಿ ಬಂದೆವು. ಈ ಸಲ ಚುಕ್ಕೆ ಬಿಡಿಬಿಡಿಯಾಗಿ ಬಂತು. ಗುಂಡಿಯದು ಮಂಕು, ಹೈಡ್ರೋಜನ್ನಿನದು ನಿಜವಾದ ಚಿತ್ರಕ್ಕೆ ಸರಿಯಾಗಿ ಹೊಂದಿತು. ಎಂದರೆ ಬರೆದು ಕಳಿಸಿದ್ದೇ ತಪ್ಪು. ಅವಳ ಮುಖ ಬಾಡಿತು.

“ಮಾಲಿನ ಕೊರತೆ ಎದುರಿನವ ಚೀಲ ಬಿಚ್ಚೋ ಮೊದ್ಲೇ ಹೇಳ್ಬೇಕು. ಈಗಲೇ ಗೈಡಿಗೆ ಫೋನ್ ಮಾಡು,” ಎಂದೆ. ಈ ಸಲಹೆಗೆ ಮಾತ್ರ ನಾನು ಜಾಮೀನು.

ಗೈಡ್ ಬೈಯಲಿಲ್ಲ. “ಒಳ್ಳೇದಾಯ್ತು, ಅಚ್ಚಾಗೋಕೆ ಮುಂಚೆ ಸಿಕ್ಕಿತಲ್ಲ. ತಿದ್ದಿ ಕಳಿಸೋಣ,” ಎಂದರು. ಪ್ರಬಂಧ ಉಳಿಯಿತು.

ಮರುದಿನ ಹಿರೇಕೊಡಿಗೆಯ ರೈತರೊಬ್ಬರು ಅಡಿಕೆ ತಂದರು. ಹಿಡಿ ತೆಗೆದು, ಒಂದು ಹುಳುಕನ್ನು ಎತ್ತಿ ಹಿಡಿದು, “ನೋಡಿ, ಇಡೀ ಚೀಲ...” ಎನ್ನುವಷ್ಟರಲ್ಲಿ ಮೇಜಿನ ಕಡೆಯಿಂದ ಕೆಮ್ಮು ಕೇಳಿಸಿತು.

ಚೀಲದ ಅಡಿಯಿಂದ ಇನ್ನೊಂದು ಹಿಡಿ ತೆಗೆದೆ.