ಹಳೇ ಗಿರಾಕಿಯಂತೆ!

ಬೆಳಗಿನ ಐದು ಗಂಟೆ. ಜಕಾರ್ತದ ಬ್ಯಾಂಕೊಂದರ ಹಿಂಬಾಗಿಲ ಎದುರು ಕೋಳಿಗಂಜಿಯ ಗಾಡಿ ನಿಂತಿದೆ. ಬೆಂಚಿನ ತುದಿಯಲ್ಲಿ, ಅವರ ಬಗ್ಗೆ ಬರೆಯಲು ಬಂದ ನನ್ನ ಪಕ್ಕ ಕೂತ ತಿಯುರ್ಮಾ ಗಂಜಿಗೆ ಸಂಬಲ್ ಎಂಬ ಮೆಣಸಿನ ಚಟ್ನಿ ಕಲಸುತ್ತಿದ್ದಾರೆ, ಕಣ್ಣು ಮಾತ್ರ ಬಾಗಿಲ ಮೇಲೆ. ರಾತ್ರಿ ಪಾಳಿಯ ಕಂಪ್ಯೂಟರ್ ನೌಕರರು ನಗುತ್ತಾ ಹೊರಬಂದರೆ ಇವರಿಗೆ ಕೆಲಸವಿಲ್ಲ. ಮುಖ ಬಾಡಿದ್ದರೆ, ಬ್ಯಾಂಕಿನ ದಿನದ ಲೆಕ್ಕ ಬೆಳಗಾದರೂ ಮುಗಿದಿಲ್ಲ ಎಂದರ್ಥ.

"ಏನ್ ಕಾಕ್, ಇವತ್ತೂ ನಮ್ ಗೋಳು ಕೇಳೋಕೆ ಬಂದ್ರಾ?" ಪಾಳಿ ಮುಗಿಸಿದ ಯೂದಿ ಛೇಡಿಸುತ್ತಾನೆ. ಕಾಕ್ ಎಂದರೆ ಇಲ್ಲಿ ಅಕ್ಕ.

"ಗೋಳು ನಿಮ್ದು, ಹೊಟ್ಟೆಪಾಡು ನಂದು. ಹೇಳಪ್ಪ, ಎಲ್ಲಿ ಸಿಕ್ಕಾಕೊಂಡ್ತು?"

ತಿಯುರ್ಮಾ ಮಾರುವುದು ಮೇನ್‌ಫ್ರೇಮ್. ಬೀರು ಗಾತ್ರದ ಕಂಪ್ಯೂಟರ್, ಇಡೀ ಬ್ಯಾಂಕಿನ ವ್ಯವಹಾರವನ್ನು ತಾನೊಂದೇ ಹೊರುವಂಥದ್ದು. ಕೊಂಡವರಿಗೇ ಮತ್ತೊಂದು ಮಾರುವವರು ಬೇಕಾದಷ್ಟಿದ್ದಾರೆ. ಎಂದೂ ಕೊಳ್ಳದವರನ್ನು ಹುಡುಕುವುದು ಇವರ ಪಾಲು. ಅದು ಹಳೇ ಕಾಲದ ಯಂತ್ರವೆಂದು, 'ಮ್ಯೂಸಿಯಂನಿಂದ ಬಂದ್ರಾ' ಎಂದು ನಗುವವರೇ ಹೆಚ್ಚು. ಆರು ವರ್ಷದಿಂದ ಗುತ್ತಿಗೆ ನೌಕರಿ. ಒಬ್ಬ ಹೊಸ ಗಿರಾಕಿ ತಂದರೆ ಕಾಯಂ ಎಂದು ಕಂಪನಿ ಮಾತು ಕೊಟ್ಟಿತ್ತು.

ತಂದರು. ಇಂಥದೇ ಗಾಡಿಯ ಬಳಿ ಕಿವಿಗೆ ಬಿದ್ದದ್ದನ್ನು ಹಿಡಿದು ಅಲೆದಲೆದು, ಹೋದ ತಿಂಗಳು ಇನ್ನೊಂದು ಬ್ಯಾಂಕನ್ನು ಒಪ್ಪಿಸಿದರು. ಆಗ ಮೇಲಧಿಕಾರಿ ಹೆಂದಾರ್ತೊ ಹಳೆಯ ಕಥೆ ಕೆದಕಿದರು. ಆ ಬ್ಯಾಂಕು ಎಂದೋ ನುಂಗಿದ ಪುಟ್ಟ ಬ್ಯಾಂಕೊಂದರಲ್ಲಿ ಇದೇ ಕಂಪನಿಯ ಮೇನ್‌ಫ್ರೇಮ್ ಇತ್ತಂತೆ. ಹಾಗಾಗಿ ಇದು ಹೊಸ ಗಿರಾಕಿಯಲ್ಲ, ಮರಳಿ ಬಂದ ಹಳೇ ಗಿರಾಕಿಯಂತೆ! ಇದಕ್ಕಿಂತ ನಾಚಿಕೆಗೇಡು ಬೇರೆ ಇದೆಯೇ? ಆ ಮಾರಾಟಕ್ಕೆಂದು ಕಚೇರಿ ಎದುರು ನಿಲ್ಲಿಸಿದ ಅಭಿನಂದನೆಯ ಹೂವಿನ ಫಲಕದಲ್ಲಿ ಇದ್ದದ್ದು ಹೆಂದಾರ್ತೊ ಹೆಸರೊಂದೇ.

"ಆ ಮೆಷಿನ್ನು ಗುಜರಿಗೆ ಹೋದಾಗ ನಾನಿನ್ನೂ ನಮ್ಮೂರು ಮೇದಾನ್‌ನಲ್ಲಿ ಸ್ಕೂಲಿಗೆ ಹೋಗ್ತಿದ್ದೆ. ಅದನ್ನ ಈಗ ಎಬ್ಬಿಸ್ಕೊಂಡು ಬಂದು ನನ್ನ ಅನ್ನಕ್ಕೆ ಮಣ್ಣು ಹಾಕಿದ್ರು." ತಿಯುರ್ಮಾ ಚಮಚ ಕುಕ್ಕುತ್ತಾರೆ.

ಈ ಊರಲ್ಲಿ ಮುಖದ ಮೇಲೆ ಯಾರೂ 'ಇಲ್ಲ' ಎನ್ನುವುದಿಲ್ಲ. 'ಬೆಲುಮ್' ಎನ್ನುತ್ತಾರೆ, ಇನ್ನೂ ಆಗಿಲ್ಲ ಎಂದು. ಕಾಯಂ ಆದೇಶ ಕೇಳಿದಾಗ ಹೆಂದಾರ್ತೊ ನಗುನಗುತ್ತಾ ಅಂದದ್ದೂ ಅದನ್ನೇ. ಕೇಳಿದರೆ ನನಗೇ ಮೈ ಉರಿಯುತ್ತದೆ.

ಯೂದಿ ಬಗ್ಗಿ ಹೇಳುತ್ತಾನೆ: "ಕಾಕ್, ನಮ್ ಮೇಡಂಗೂ ಸಾಕಾಗಿದೆ. ನಿಮ್ಮನ್ನ ಕರ್ಕೊಂಡ್ ಬಾ ಅಂದ್ರು. ನಮ್ಮಲ್ಲಿ ಮೇನ್‌ಫ್ರೇಮ್ ಯಾವತ್ತೂ ಇರ್ಲಿಲ್ಲ."

ಅಷ್ಟರಲ್ಲಿ ಹೆಂದಾರ್ತೊ ಫೋನು. ಹೊಸಬರು ಯಾರಾದರೂ ಸಿಕ್ಕರಾ ಎಂಬ ವಿಚಾರಣೆ.

"ಬೆಲುಮ್, ಪಾಕ್," ಇನ್ನೂ ಇಲ್ಲ ಸಾರ್ ಎಂದು ತಿಯುರ್ಮಾ ಜೇನಿನಂಥ ದನಿಯಲ್ಲಿ ಹೇಳಿ ಫೋನಿಡುತ್ತಾರೆ. ಆಮೇಲೆ ನನ್ನತ್ತ ತಿರುಗುತ್ತಾರೆ.

"ಇದನ್ನೂ ಬರೀರಿ. ಕಾಯಂ ಆದೇಶ ಮೊದ್ಲು ನನ್ನ ಕೈಗೆ ಬರ್ಲಿ. ಈ ಬ್ಯಾಂಕಿನ ಹೆಸರು ಅವರಿಗೆ ಆಮೇಲೆ ಹೇಳ್ತೀನಿ."