ಕಂಡಕ್ಟರ್ ಕಾಕಾನ ಡಬ್ಬಿಯೂ ನನ್ನ ಬಾಡಿಗೆ ಸೀನೂ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇರೆ ಯಾರೋ ಹೇಳಿ ನನ್ನ ಮರ್ಯಾದೆ ತೆಗೆಯುವುದು ಬೇಡ: ನಾನು ಕೆಲವು ಕಾಲ ಸೀನಿ ಹೊಟ್ಟೆ ಹೊರೆದವನು. ಬ್ಯಾಡಗಿಯಿಂದ ಹಾವೇರಿಯ ಕಾಲೇಜಿಗೆ ದಿನಾ ಹೋಗಿಬರುತ್ತಿದ್ದೆ. ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಓದು ಅಷ್ಟಕ್ಕಷ್ಟೇ. ಆದರೆ ಯಾರ ದನಿ ಬೇಕಾದರೂ ತೆಗೆಯುತ್ತಿದ್ದೆ. ನಮ್ಮಪ್ಪನ ದನಿಯಲ್ಲಿ ನನಗೆ ನಾನೇ ಬೈದುಕೊಂಡು ಅವ್ವನನ್ನು ನಗಿಸಿ, ಅಪ್ಪ ಬಂದ ಮೇಲೆ ಅದೇ ಬೈಗುಳವನ್ನು ಅಸಲಿ ದನಿಯಲ್ಲಿ ಕೇಳುತ್ತಿದ್ದೆ. ಈ ವಿದ್ಯೆಗೆ ಸಿಕ್ಕ ಮೊದಲ ಗಿರಾಕಿ ಪಕ್ಕದ ಮನೆಯ ಶಿವಲಿಂಗಪ್ಪ ಕಾಕಾ. ಕೆಲಸ: ಅವರು ಕಣ್ಣು ಹೊಡೆದಾಗ ಒಂದು ಸಲ ಸೀನುವುದು. ಕೂಲಿ: ಸೀನಿಗೊಂದು ಪ್ಲೇಟು ಮಿರ್ಚಿ-ಮಂಡಕ್ಕಿ.

ಕಾಕಾ ಆಯುಷ್ಯವಿಡೀ ಒಂದು ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಗುತ್ತಲದಲ್ಲಿ ಹೊರಟು ಹಾವೇರಿ, ಮೋಟೆಬೆನ್ನೂರು, ಬ್ಯಾಡಗಿ ದಾಟಿ ರಾಣೆಬೆನ್ನೂರಿಗೆ ಹೋಗುವ ಬಸ್ಸು. ಅವರು ಬಸ್ಸು ಬಿಟ್ಟಿದ್ದರೂ ಬಸ್ಸು ಅವರನ್ನು ಬಿಟ್ಟಿರಲಿಲ್ಲ. ಮನೆಗೆ ಬಂದವರು ಹೊಸ್ತಿಲಲ್ಲಿ ನಿಂತರೆ, "ಒಳಗ ನಡೀರಿ, ಒಳಗ ನಡೀರಿ, ಮುಂದ ಎಲ್ಲಾ ಖಾಲಿ ಐತಿ!" ಎಂದು ಕೂಗುವರು. ಊಟ ಮುಗಿದರೆ ತಾಟಿನ ಅಂಚಿಗೆ ಎರಡು ಸಲ ಬಡಿದು "ರೈಟ್!" ಅವರ ಹೆಂಡತಿ ನೀಲವ್ವ ಕಾಕು ಇನ್ನೊಂದು ಸೌಟು ಸಾರು ಸುರಿಯಲು ಬಂದರೆ ಒಂದೇ ಸಲ ಬಡಿದು "ಹೋಲ್ಡಾನ್!" ಏನಾದರೂ ಬರೆಯಬೇಕಿದ್ದರೆ ಕುರ್ಚಿ ಬೇಡ, ಬಾಗಿಲ ಚೌಕಟ್ಟಿಗೆ ಸೊಂಟ ಆನಿಸಿ ನಿಂತರೇ ಅಕ್ಷರ ಮೂಡುವುದು. ನಿಂತ ನೆಲ ಅಲುಗಾಡದಿರುವುದೇ ಅವರಿಗೆ ದೊಡ್ಡ ತೊಂದರೆಯಾಗಿತ್ತೆಂದು ನನ್ನ ಅನುಮಾನ.

ಒಂದು ಸಲ ಅವರ ಎದುರಿಗೇ ಅವರ ನಡಿಗೆ ಮಾಡಿ ತೋರಿಸಿದೆ. ಬೈಯುತ್ತಾರೆಂದು ಓಡಲು ತಯಾರಾಗಿದ್ದೆ. ಅವರು ಮಾಸ್ತರರ ಹಾಗೆ ಸುತ್ತ ತಿರುಗಿ ನೋಡಿ, "ಲೇ ಮಂಜ್ಯಾ, ಕಾಲು ಸರಿ ಅದಾವ. ಆದ್ರ ಎಡಗಡೆ ಭುಜ ಇನ್ನೊಂದ ಬಟ್ಟು ಕೆಳಗ ಬರಬೇಕು. ಚೀಲದ ಭಾರಕ್ಕ" ಎಂದು ತಿದ್ದಿದರು.

ಚಿಲ್ಲರೆಯ ವಿಷಯದಲ್ಲಿ ಮಾತ್ರ ಅವರ ಹೆಸರು ಆ ದಾರಿಯುದ್ದಕ್ಕೂ ಕೆಟ್ಟಿತ್ತು. "ಚಿಲ್ಲರಿ ಇಲ್ರೀ" ಎನ್ನುವರು; ಹಾಗೆನ್ನುವಾಗಲೇ ಎಡಗಡೆ ಜೇಬು ಝಲ್ ಎನ್ನುವುದು. ಟಿಕೀಟಿನ ಹಿಂದೆ ಬಾಕಿ ಬರೆದುಕೊಟ್ಟು ಮುಂದೆ ಹೋಗುವರು. ಜನ ಬೈದದ್ದು ತಪ್ಪಲ್ಲ, ಆದರೆ ಆ ಜೇಬಿನ ಕಥೆಯೇ ಬೇರೆ. ಯಾರಾದರೂ ಕಣ್ತಪ್ಪಿ ಹಳೆಯ ನಾಣ್ಯ ಕೊಟ್ಟರೆ, ಕಾಕಾ ಅದರ ಬದಲಿಗೆ ತಮ್ಮ ಹಣ ಚೀಲಕ್ಕೆ ಹಾಕಿ ನಾಣ್ಯವನ್ನು ಎಡಜೇಬಿಗೆ ಇಳಿಸುತ್ತಿದ್ದರು. ಅಲ್ಲಿಂದ ಅದು ಮನೆಯ ಬಿಸ್ಕೀಟು ಡಬ್ಬಿಗೆ. ತೂತಿನ ದುಡ್ಡು, ಕುದುರೆ ಪೈಸಾ, ಕಮಲದ ಹೂವಿನ ಹಿತ್ತಾಳೆಯ ಇಪ್ಪತ್ತು ಪೈಸಾ, ಆಣೆ, ಎರಡಾಣೆ, ಉರ್ದು ಅಕ್ಷರದ ಯಾವುದೋ ಬಿಲ್ಲೆ. ನಾಣ್ಯ ಸಂಗ್ರಹಿಸುವವರೆಲ್ಲ ಇಸವಿ ಹೇಳುತ್ತಾರೆ, ರಾಜನ ಹೆಸರು ಹೇಳುತ್ತಾರೆ. ಕಾಕಾನಿಗೆ ಅದೊಂದೂ ಗೊತ್ತಿಲ್ಲ. ಅವರು ಹೇಳುವುದು ಸ್ಟಾಪು.

"ಈ ಕುದುರಿ ಪೈಸಾ ಐತೆಲ್ಲ, ಇದು ಮೋಟೆಬೆನ್ನೂರು ಸ್ಟಾಪು. ಒಬ್ಬ ಮುದುಕ ಕುರಿ ಹತ್ತಿಸಿದ. ಕುರಿಗೆ ಅರ್ಧಾ ಟಿಕೀಟು ಅಂದೆ. ಕುರಿ ನಿಂತೈತಿ, ಸೀಟು ಹಿಡಿದಿಲ್ಲ ಅಂತ ಜಗಳಾ ತಗದ. ಕಡೀಕ ಸಿಟ್ಟಿಲೆ ಕೈಗೆ ಸಿಕ್ಕದ್ದು ಒಗದ. ನೋಡ್ತೀನಿ, ಕುರಿ ಟಿಕೀಟಿಗೆ ಕುದುರಿ ಕೊಟ್ಟಾನ!"

ಎಲ್ಲ ಸುಖವಾಗಿಯೇ ಇತ್ತು. ಅಷ್ಟರಲ್ಲಿ ರಾಣೆಬೆನ್ನೂರಿಗೆ ಕೊಟ್ಟ ಅವರ ಮಗಳು ಸುಮಕ್ಕ ಹೆಣ್ಣು ಹಡೆದಳು. ಮೊದಲ ಮೊಮ್ಮಗಳು. ಡಬ್ಬಿಯ ತಳದಲ್ಲಿ ಒಂದು ಕೆಂಪು ಅರಿವೆಯ ಗಂಟಿತ್ತು. ಅದರಲ್ಲಿ ರಾಜನ ತಲೆ ಇರುವ ಬೆಳ್ಳಿ ರೂಪಾಯಿಗಳು. ಅವನ್ನು ಕರಗಿಸಿ ಕೂಸಿಗೆ ಕಾಲ್ಗೆಜ್ಜೆ ಮಾಡಿಸಬೇಕೆಂದು ಕಾಕು ನಿರ್ಧಾರ ಮಾಡಿದರು. ಕಾಕಾ ಇಕ್ಕಟ್ಟಿಗೆ ಸಿಕ್ಕರು. ಮೊಮ್ಮಗಳಿಗೆ ಇಲ್ಲ ಅನ್ನುವ ಹಾಗಿಲ್ಲ, ರೂಪಾಯಿ ಬಿಡುವ ಹಾಗಿಲ್ಲ. "ಎಣಿಕಿ ಆಗದ ರಾಶಿಗೆ ಕೈ ಹಚ್ಚಬಾರದು. ಮೊದಲ ಎಲ್ಲಾದರದೂ ಪಟ್ಟಿ ಆಗ್ಲಿ" ಎಂದರು. ಮೆಣಸಿನಕಾಯಿ ಪೇಟೆಯ ಊರಿನಲ್ಲಿ ಈ ಮಾತಿಗೆ ಎದುರಾಡುವವರಿಲ್ಲ. "ಆಗ್ಲಿ, ಐತವಾರ ಕುಂದ್ರೂಣು" ಎಂದರು ಕಾಕು.

ಶನಿವಾರ ಸಂಜೆ ಕಾಕಾ ನನ್ನನ್ನು ಸ್ಟೇಷನ್ ರಸ್ತೆಯ ಮಿರ್ಚಿ ಗಾಡಿಗೆ ಕರೆದೊಯ್ದರು. "ಪಟ್ಟಿ ನೀ ಬರೀಬೇಕು. ನಾ ರಾಣೆಬೆನ್ನೂರು ಸ್ಟಾಪಿಂದ ಉಲ್ಟಾ ಹೇಳ್ಕೋತ ಬರ್ತೀನಿ, ಕೆಂಪು ಗಂಟು ಕಡೀಕ ಉಳೀತೈತಿ. ಅದರ ಹತ್ರ ಬಂದ್ವಿ ಅಂದ್ರ ನೀ ಸೀನಬೇಕು. ಒಂದ ಸಲ. ಎರಡಾದ್ರ ಕೆಟ್ಟಿತು."

ಒಂಟಿ ಸೀನು ಅಪಶಕುನ. ಹಿಡಿದ ಕೆಲಸ ಅಲ್ಲಿಗೇ ಬಿಟ್ಟು ಇನ್ನೊಂದು ದಿನ ಮೊದಲಿನಿಂದ ಹಿಡಿಯಬೇಕು. ಜೋಡಿ ಸೀನಾದರೆ ಶುಭ.

ಮೊದಲ ಭಾನುವಾರ ದಲಾಲಿ ಅಂಗಡಿ ಸಾಹುಕಾರರ ಸೀನು ತೆಗೆದೆ, ಚೀಲ ಹರಿದಂಥದ್ದು. ಕಾಕಾ ಕೂಡಲೇ ಡಬ್ಬಿ ಮುಚ್ಚಿ ಬಡಿದರು: "ಹೋಲ್ಡಾನ್!" ಕಾಕು ಸುಮ್ಮನಿರಲಿಲ್ಲ. "ಬ್ಯಾಡಗ್ಯಾಗ ಸೀನಿಗೆ ಶಕುನ ಹಿಡಿದ್ರ ಒಂದರ ಮದುವಿ ಆಗತಿತ್ತೇನ್ರಿ? ಸೀಜನ್ನಿನ್ಯಾಗ ಮೆಣಸಿನಕಾಯಿ ಘಾಟಿಗೆ ಅಕ್ಕಿಕಾಳು ಹಾಕೂ ಐನೋರೇ ಸೀನ್ತಾರ."

"ಪ್ಯಾಟಿ ಸೀನು ಬ್ಯಾರೆ, ಡಬ್ಬಿ ಮುಂದಿನ ಸೀನು ಬ್ಯಾರೆ" ಎಂದರು ಕಾಕಾ.

ಎರಡನೆಯ ವಾರ ನಮ್ಮ ಹೆಡ್ ಮಾಸ್ತರರ ಸೀನು, ಅರ್ಧ ಬಂದು ಹಿಂದಕ್ಕೆ ಹೋಗಿ ಮತ್ತೆ ಬರುವಂಥದ್ದು. ಅದರ ಮುಂದಿನ ವಾರ ರೈಲ್ವೆ ಗೇಟಿನವನದು. ಕೂಲಿ ಮಾತ್ರ ಮೊದಲ ವಾರಕ್ಕೇ ನಿಂತುಹೋಯಿತು. ಕೇಳಿದರೆ, ಡಬ್ಬಿ ತುಂಬ ನಾಣ್ಯ ಇಟ್ಟುಕೊಂಡ ಮನುಷ್ಯ, "ಚಿಲ್ಲರಿ ಇಲ್ಲಲೇ ತಮ್ಮಾ" ಎಂದು ಹಳೆಯ ಟಿಕೀಟಿನ ಹಿಂದೆ 'ಮಂಡಕ್ಕಿ ಒಂದು ಪ್ಲೇಟು, ಮಿರ್ಚಿ ಸಹಿತ' ಎಂದು ಬಾಕಿ ಬರೆದುಕೊಟ್ಟರು.

ನಕಲು ಮಾಡುವವನ ಕಾಯಿಲೆ ಏನೆಂದರೆ, ಎದುರಿಗೆ ಕೂತವರು ತನಗೇ ಗೊತ್ತಿಲ್ಲದೆ ಒಳಗೆ ಹೊಕ್ಕುಬಿಡುತ್ತಾರೆ. ಮುಂದಿನ ಭಾನುವಾರ ಕಾಕಾ ಕಣ್ಣು ಹೊಡೆದರು, ನಾನು ಮೇಲೆ ನೋಡಿದೆ, ಮೂಗು ಹಿಡಿದೆ, ಪಾತ್ರೆಯ ಮುಚ್ಚಳ ಬಿದ್ದ ಹಾಗೆ "ಟ್ಛಿಮ್! ಎವ್ವಾ!" ಎಂದೆ. ಅದು ನೀಲವ್ವ ಕಾಕುವಿನ ಸೀನು. 'ಎವ್ವಾ' ಸಹಿತ.

ಕಾಕು ನನ್ನನ್ನೇ ನೋಡಿದರು. "ನನ್ನ ಸೀನು ನನಗ ಗುರ್ತು ಸಿಗೂದಿಲ್ಲೇನೋ ಮಂಜ್ಯಾ?" ಎಂದವರೇ ಎದ್ದು ಒಳಗೆ ಹೋದರು. ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಕಾಕಾ ಈಗ ಇಲ್ಲ. ಕೊನೆಯ ಸಲ ಅವರನ್ನು ಕಂಡದ್ದು ಹಾವೇರಿಯ ಬಸ್ ಸ್ಟ್ಯಾಂಡಿನಲ್ಲಿ. ಯಾವ ಬಸ್ಸಿಗೂ ಕಾಯದೆ, ಬಂದ ಬಸ್ಸಿಗೆಲ್ಲ ಕೈಯೆತ್ತಿ ರೈಟ್ ಹೇಳುತ್ತಾ ನಿಂತಿದ್ದರು. ನನ್ನ ಬಾಕಿಯ ಟಿಕೀಟು ತೆಗೆದು ತೋರಿಸಿದೆ. ಎಡಜೇಬು ಮುಟ್ಟಿ ನೋಡಿಕೊಂಡು, "ಮುಂದಿನ ಟ್ರಿಪ್ಪಿಗೆ ಇಸ್ಕೋ" ಎಂದರು. ಆ ಟಿಕೀಟು ಇನ್ನೂ ನನ್ನ ಪಾಕೀಟಿನಲ್ಲಿದೆ. ಮದುವೆ-ಮುಂಜಿಗಳಲ್ಲಿ ಜನ ಕೇಳಿದರೆ ಕಾಕಾನ ದನಿ ತೆಗೆಯುತ್ತೇನೆ, ಭುಜ ಒಂದು ಬಟ್ಟು ಕೆಳಗಿಳಿಸುತ್ತೇನೆ, ಎಲ್ಲರೂ ನಗುತ್ತಾರೆ. ಆ ಜೇಬಿನ ಝಲ್ ಮಾತ್ರ ಬಾಯಿಗೆ ಬರುವುದಿಲ್ಲ.

ಪಟ್ಟಿಯ ಕಥೆ ಮುಗಿದದ್ದು ನನ್ನ ಮಾನ ಹೋದ ಮರು ಭಾನುವಾರ. ಆ ದಿನ ಕಾಕು ಸೆರಗಿನಲ್ಲಿ ಏನನ್ನೋ ಮುಚ್ಚಿಟ್ಟುಕೊಂಡು ಕೂತರು. ರಾಣೆಬೆನ್ನೂರಿನಿಂದ ಹೊರಟು ಬ್ಯಾಡಗಿ ದಾಟಿ, ಕುರಿ ಜಗಳ ಮುಗಿಸಿ, ಹಾವೇರಿ ದಾಟಿದೆವು. ಗುತ್ತಲದ ತೂತಿನ ದುಡ್ಡುಗಳೂ ಮುಗಿದವು. ಉಳಿದದ್ದು ಕೆಂಪು ಗಂಟು. ಕಾಕಾ ಕಣ್ಣು ಹೊಡೆದರು. ನಾನು, ಯಾರದೂ ಅಲ್ಲದ ನನ್ನದೇ ಬಡ ಸೀನೊಂದನ್ನು ಸೀನಿದೆ.

ಕಾಕಾ ಡಬ್ಬಿ ಬಡಿಯಲು ಕೈಯೆತ್ತಿದ್ದರು. ಅಷ್ಟರಲ್ಲಿ ಕಾಕು ಸೆರಗಿನಿಂದ ನಸ್ಯದ ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸಿದರು. "ಟ್ಛಿಮ್! ಎವ್ವಾ! ಜೋಡಿ ಆತು. ಮುಂದ ಹೇಳ್ರಿ."

ಕಾಕಾ ನನ್ನ ಕಡೆ ನೋಡಿದರು. ನಾನು ಮತ್ತೆ ಸೀನಿದೆ. ಕಾಕು ಮತ್ತೆ ಜೋಡಿ ಮಾಡಿದರು. ಅಷ್ಟರಲ್ಲಿ ನಸ್ಯದ ಪುಡಿ ನನ್ನ ಮೂಗಿಗೂ ಹೊಕ್ಕು ಅಸಲಿ ಸೀನುಗಳೇ ಶುರುವಾದವು. ನಾನು ಸೀನುತ್ತಾ ಪಟ್ಟಿಯ ಮೇಲೆ ಬಿದ್ದೆ, ಕಾಕಾನೂ ಸೀನಿದರು, ಇಪ್ಪತ್ತು ಪೈಸಾಗಳು ಮಂಚದ ಕೆಳಗೆ ಉರುಳಿದವು. ಎಲ್ಲ ನಿಂತಾಗ ಕಾಕು ಮೂಗು ಒರೆಸಿಕೊಂಡು, "ಜೋಡೀನ ಐತಿ, ನಾ ಎಣಿಸೇನಿ" ಎಂದರು.

ನಾನು ಕಣ್ಣೀರು ಒರೆಸಿಕೊಂಡು ಪೆನ್ನು ಹಿಡಿದೆ. "ಕಾಕಾ, ಈ ಬೆಳ್ಳಿ ರೂಪಾಯಿಗೆ ಯಾವ ಸ್ಟಾಪು ಬರೀಲಿ?"

ಪ್ರತಿ ನಾಣ್ಯಕ್ಕೂ ಕಥೆಯಿದ್ದ ಮನುಷ್ಯ ಮಂಚದ ಕೆಳಗೆ ಬಗ್ಗಿ ಉರುಳಿದ ಪೈಸಾ ಹುಡುಕತೊಡಗಿದರು.

"ನಾ ಹೇಳ್ತೀನಿ, ಬರಿ" ಎಂದರು ಕಾಕು. "ಗುತ್ತಲ. ನಮ್ಮಪ್ಪ ಮದುವ್ಯಾಗ ನನ್ನ ಉಡ್ಯಾಗ ಹಾಕಿದ್ದು. ನೋಡಿ ಕೊಡ್ತೀನಿ ಅಂತ ಇಸ್ಕೊಂಡಾರ ನಿಮ್ಮ ಕಾಕಾ. ಇನ್ನೂ ನೋಡಾಕತ್ತಾರ."

ಕಾಕಾನ ದನಿ ಸಣ್ಣದಾಯಿತು. "ಇಷ್ಟ ವರ್ಷ ಜ್ವಾಕಿ ಮಾಡೇನಲ್ಲ, ನೀಲವ್ವಾ. ನನಗೇನೂ ಹಕ್ಕಿಲ್ಲೇನು?"

ಕಾಕು ಗಂಟನ್ನು ಸೆರಗಿಗೆ ಕಟ್ಟಿಕೊಂಡು ಎದ್ದು ನಿಂತರು. ಬಿಸ್ಕೀಟು ಡಬ್ಬಿಯ ಮೇಲೆ ಎರಡು ಸಲ ಬಡಿದರು.

"ಗುತ್ತಲದಾಗ ಹತ್ತಿದ್ವು, ರಾಣೆಬೆನ್ನೂರಾಗ ಇಳೀತಾವ. ನೀವು ಕಂಡಕ್ಟರ್ರು ಅದೀರಿ, ಮಾಲಕರಲ್ಲ. ರೈಟ್!"