ಕುರುಗೋಡಿಗೆ ಹೆಣ್ಣು ನೋಡಲು ಹೋದ ಪ್ಯಾಂಟು

ಹಳೆ ಬಟ್ಟೆ ಎಸೆಯುವವರನ್ನು ಕಂಡರೆ ನನಗೆ ಆಗ ಮೈಯೆಲ್ಲ ಉರಿಯುತ್ತಿತ್ತು. ಜನ ನನ್ನನ್ನು ಜಿಪುಣ ಅಂತ ಆಡಿಕೊಳ್ಳುತ್ತಿದ್ದರು, ನಾನು ಅದನ್ನು ದೂರದೃಷ್ಟಿ ಅಂದುಕೊಂಡಿದ್ದೆ. ಬಳ್ಳಾರಿಯಿಂದ ದಿನಾ ಬಸ್ಸಿನಲ್ಲಿ ಸಿರುಗುಪ್ಪಕ್ಕೆ ಹೋಗಿ ಅಲ್ಲಿನ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತಿಕೆ ಮಾಡುತ್ತಿದ್ದೆ. ಊಟದ ಹೊತ್ತಿಗೆ ಜೊತೆಯವರಿಗೆ ನನ್ನ ಪ್ರವಚನ ತಪ್ಪುತ್ತಿರಲಿಲ್ಲ. ಫ್ಯಾಷನ್ ಅನ್ನುವುದು ನಮ್ಮ ಬಸ್ಸಿದ್ದ ಹಾಗೆ, ಹೋದದ್ದು ಇದೇ ಹಾದಿಯಲ್ಲಿ ತಿರುಗಿ ಬರಲೇಬೇಕು, ಅದರ ಹಿಂದೆ ಓಡುವವನು ಹುಚ್ಚ ಎಂದು. ಅವರು ಬುತ್ತಿ ಮುಗಿಸಿ, ಕೈ ತೊಳೆದು ಎದ್ದು ಹೋಗುತ್ತಿದ್ದರು.

ಅರವತ್ತರ ದಶಕದ ಕೊನೆಗೆ, ಕಾಲೇಜಿನಲ್ಲಿದ್ದಾಗ, ಕೌಲ್ ಬಜಾರಿನಲ್ಲಿ ಹೊಲಿಸಿದ ಒಂದು ಟೈಟ್ ಪ್ಯಾಂಟು ನನ್ನಲ್ಲಿತ್ತು. ಕಾಫಿ ಬಣ್ಣದ್ದು. ಆಮೇಲೆ ಬೆಲ್ ಬಾಟಂ ಬಂತು, ಊರಿನ ಹುಡುಗರೆಲ್ಲ ಪ್ಯಾಂಟಿನ ತುದಿಯಿಂದ ಬೀದಿ ಗುಡಿಸತೊಡಗಿದರು. ಸುಳ್ಳೇಕೆ ಹೇಳಲಿ, ನಾನೂ ಒಂದು ಹೊಲಿಸಿದೆ. ಆದರೆ ಕಾಫಿ ಬಣ್ಣದ್ದನ್ನು ಡಾಂಬರ ಗುಳಿಗೆ ಹಾಕಿ ಟ್ರಂಕಿನಲ್ಲಿ ಕಾಪಿಟ್ಟೆ. ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳು ಪಾರ್ವತಿನಗರದ ನಮ್ಮ ಮನೆ ಮುಂದೆ ಕೂಗಿದಾಗಲೆಲ್ಲ ಅವ್ವನ ಕೈ ಟ್ರಂಕಿನ ಕಡೆ ಹೋಗುತ್ತಿತ್ತು. ನಾನು ಟ್ರಂಕಿನ ಮೇಲೆ ಕೂತುಬಿಡುತ್ತಿದ್ದೆ.

ಎಂಬತ್ತರ ದಶಕ ಬಂತು, ಬೆಲ್ ಬಾಟಂ ಹೋಯಿತು, ಬಿಗಿ ಪ್ಯಾಂಟು ಮರಳಿ ಬಂತು. ಗಿರಣಿಯ ಹುಡುಗರು ಹೊಸದು ಹೊಲಿಸಲು ಬಳ್ಳಾರಿಗೆ ಓಡಿದರು. ನನಗೆ ಹಿಗ್ಗೋ ಹಿಗ್ಗು. ಟ್ರಂಕು ತೆಗೆದೆ. ಪ್ಯಾಂಟು ಇದ್ದ ಹಾಗೇ ಇತ್ತು, ನಾನು ಇದ್ದ ಹಾಗೆ ಇರಲಿಲ್ಲ. ದರ್ಜಿ ಸೊಂಟವನ್ನೇನೋ ಬಿಚ್ಚಿ ಅಗಲ ಮಾಡಿಕೊಟ್ಟ. ತೊಡೆ, ಮೊಣಕಾಲಿನ ಕಡೆ ಬಿಡಿಸಲು ಬಟ್ಟೆಯೇ ಉಳಿದಿರಲಿಲ್ಲ. ನಿಂತರೆ ಏನೂ ತೊಂದರೆಯಿರಲಿಲ್ಲ, ಕೂಡುವ ವಿಚಾರ ನಾನು ಮಾಡಿರಲಿಲ್ಲ.

ಅದೇ ಹೊತ್ತಿಗೆ ಕುರುಗೋಡಿನಿಂದ ಒಂದು ಸಂಬಂಧ ಬಂತು. ನನಗೆ ಮೂವತ್ತು ದಾಟಿತ್ತು. ಅಲ್ಲಿಯವರೆಗೆ ಹೆಣ್ಣು ನೋಡಿದ ಕಡೆಯಲ್ಲೆಲ್ಲ ಬೇಡ ಅನ್ನಿಸಿಕೊಂಡಿದ್ದೆ. ಇದೂ ತಪ್ಪಿದರೆ ಇನ್ನು ಯಾರ ಮನೆ ಹೊಸ್ತಿಲೂ ತುಳಿಯುವುದಿಲ್ಲ ಅಂತ ಸೋದರಮಾವ ಖಡಾಖಂಡಿತ ಹೇಳಿದ್ದ. ಹೊಸ ಪ್ಯಾಂಟು ಹೊಲಿಸಿಕೋ ಅಂತ ಅವ್ವ ಗೋಗರೆದಳು. ಕೇಳುವವನಾರು? ಕಾಫಿ ಬಣ್ಣದ್ದನ್ನೇ ಏರಿಸಿಕೊಂಡು, ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕಂಬಿ ಹಿಡಿದು ನಿಂತೇ, ಅವ್ವ ಮತ್ತು ಸೋದರಮಾವನ ಜೊತೆ ಕುರುಗೋಡಿಗೆ ಹೋದೆ.

ಅವರ ಮನೆ ಬಾಗಿಲಲ್ಲಿ ಕಾಲಿಗೆ ನೀರು ಕೊಟ್ಟರು. ಬಗ್ಗಲೂ ಆಗದೆ, ಪ್ಯಾಂಟು ಮೇಲಕ್ಕೆ ಮಡಚಲೂ ಆಗದೆ, ನಿಂತಲ್ಲಿಂದಲೇ ಚೆಂಬು ಓರೆ ಮಾಡಿದೆ. ಅರ್ಧ ನೀರು ಸೋದರಮಾವನ ಕಾಲಿಗೆ ಬಿತ್ತು. ಒಳಗೆ ಪಡಸಾಲೆಯಲ್ಲಿ ಜಮಖಾನ ಹಾಸಿತ್ತು, ಎಲ್ಲರೂ ಕೂತರು. ನಾನು ಕಂಬಕ್ಕೆ ಒರಗಿ ನಿಂತೆ. ಕೂಡಿರಿ ಅಂದಾಗ, ಬಸ್ಸಿನಲ್ಲಿ ಕೂತು ಕೂತು ಸಾಕಾಗಿದೆ ಅಂತ ನಾನು, ಬಸ್ಸಿನಲ್ಲಿ ನಿಂತು ನಿಂತು ಕಾಲು ಹಿಡಿದಿವೆ ಅಂತ ಅವ್ವ, ಒಟ್ಟಿಗೇ ಹೇಳಿದೆವು. ಹುಡುಗಿಯ ಅಪ್ಪ ಒಮ್ಮೆ ನನ್ನನ್ನು, ಒಮ್ಮೆ ಅವ್ವನನ್ನು ನೋಡಿದರು.

ಹುಡುಗಿ ಅವಲಕ್ಕಿ ತಂದಳು. ತಲೆ ತಗ್ಗಿಸಿಕೊಂಡು ಬರುತ್ತಾಳೆ ಅಂದುಕೊಂಡಿದ್ದರೆ, ನೇರ ನನ್ನ ಮುಖವನ್ನೇ ನೋಡಿದಳು. ದೇವರೇ, ಇವಳೊಬ್ಬಳು ಹ್ಞೂಂ ಅಂದರೆ ಸಾಕು ಅನ್ನಿಸಿತು.

ಆಗಲೇ ಮೂಲೆಯಲ್ಲಿದ್ದ ಅವಳ ಅಜ್ಜಿ ಅವ್ವನ ಕಡೆ ತಿರುಗಿ ಕೇಳಿದಳು. "ಯವ್ವಾ, ನಿನ್ನ ಮಗಗ ಮೊಣಕಾಲು ಮಡಚಾಕ ಬರ್ತೈತೋ ಇಲ್ಲೋ?"

ಅವ್ವನ ಮುಖ ಸಣ್ಣದಾಯಿತು. ಪ್ಯಾಂಟು ಬಿಗಿ ಅಂತ ಹೇಳಿದ್ದರೆ ಮುಗಿದೇ ಹೋಗುತ್ತಿತ್ತು, ಆದರೆ ನನ್ನ ನಾಲಿಗೆ ಏಳಬೇಕಲ್ಲ! ಉಸಿರು ಬಿಗಿಹಿಡಿದು, ಕಂಬಕ್ಕೆ ಬೆನ್ನು ಒತ್ತಿ, ಜಾರುತ್ತ ಜಾರುತ್ತ ಕೆಳಗಿಳಿದೆ. ಕಾಲೆರಡೂ ಒನಕೆಗಳ ಹಾಗೆ ಮುಂದಕ್ಕೆ ಚಾಚಿಕೊಂಡವು. ಹೊಲಿಗೆ ಬಿಚ್ಚೀತೆಂದು ಜೀವ ಕೈಯಲ್ಲಿ ಹಿಡಿದಿದ್ದೆ, ಒಂದು ಎಳೆಯೂ ಕಿತ್ತು ಬರಲಿಲ್ಲ. ಬಂದಿದ್ದರೆ ಎಷ್ಟೋ ಚಲೋ ಇತ್ತು. ಹೊರಡುವ ಹೊತ್ತಿಗೆ ಏಳಲು ಆಗಲೇ ಇಲ್ಲ. ಕೊನೆಗೆ ಹುಡುಗಿಯ ಅಪ್ಪ ಒಂದು ರಟ್ಟೆ, ಮಾವ ಒಂದು ರಟ್ಟೆ ಹಿಡಿದು ಎತ್ತಿ ನಿಲ್ಲಿಸಿದರು. ಅಜ್ಜಿ ಲೊಚಗುಟ್ಟಿದಳು.

ಸಂಬಂಧ ಮುರಿಯಿತು ಅಂದುಕೊಂಡೆ. ಊಟ ಸೇರಲಿಲ್ಲ, ಗಿರಣಿಯಲ್ಲಿ ಪ್ರವಚನ ನಿಂತಿತು. ಅವಳು ನೋಡಿದ ನೋಟ ಕಣ್ಣ ಮುಂದಿನಿಂದ ಸರಿಯಲೊಲ್ಲದು. ಅಷ್ಟರಲ್ಲಿ ಕುರುಗೋಡಿನಿಂದ ಒಪ್ಪಿಗೆ ಅಂತ ಹೇಳಿಕಳಿಸಿದರು! ಅವ್ವ ಅತ್ತೇಬಿಟ್ಟಳು. ನಾನೋ, ಕಾರಣ ಆಗಿಂದಾಗಲೇ ಕಂಡುಹಿಡಿದೆ. ಪ್ಯಾಂಟು. ಇಂಥ ಫ್ಯಾಷನ್ನಿನ ವರ ಅವರಿಗೆ ಇನ್ನೆಲ್ಲಿ ಸಿಗಬೇಕು ಅಂತ ಗಿರಣಿಯಲ್ಲಿ ಮತ್ತೆ ಶುರು ಹಚ್ಚಿಕೊಂಡೆ.

ಮದುವೆಯಲ್ಲಿ ಧೋತರ ಉಟ್ಟು ಚಕ್ಕಳಮಕ್ಕಳ ಹಾಕಿ ಕೂತೆ. ಹೆಣ್ಣಿನ ಕಡೆಯವರು ಒಬ್ಬರಿಗೊಬ್ಬರು ಮೊಣಕೈಯಿಂದ ತಿವಿದು ನನ್ನನ್ನು ತೋರಿಸಿದರು, ಅಜ್ಜಿಯಂತೂ ದೇವರಿಗೆ ಕೈ ಮುಗಿದಳು. ಧೋತರವೂ ನನಗೆ ಭಾಳ ಒಪ್ಪುತ್ತದೆ ಅಂದುಕೊಂಡೆ.

ಸಿರುಗುಪ್ಪದಲ್ಲಿ ಮನೆ ಹೂಡಿದ ಹೊಸತು. ಊಟಕ್ಕೆ ಕೂತಿದ್ದಾಗ ಹೆಂಡತಿ ಮೆಲ್ಲಗೆ, ಕಾಲು ಯಾವ ಡಾಕ್ಟರಿಗೆ ತೋರಿಸಿದಿರಿ, ಇಷ್ಟು ಬೇಗ ಹೇಗೆ ವಾಸಿಯಾಯಿತು ಅಂತ ಕೇಳಿದಳು. ನಾನು ಬಿದ್ದು ಬಿದ್ದು ನಕ್ಕೆ. ಟ್ರಂಕಿನಿಂದ ಪ್ಯಾಂಟು ತಂದು ತೋರಿಸಿ, ನಡೆದದ್ದೆಲ್ಲ ಹೇಳಿದೆ. ಅವಳೂ ನಗುತ್ತಾಳೆ ಅಂತ ಕಾದೆ. ಅವಳು ಪ್ಯಾಂಟನ್ನು ಕೈಗೆ ತೆಗೆದುಕೊಂಡು ಮೊಣಕಾಲಿನ ಹತ್ತಿರ ಎಳೆದು ನೋಡಿದಳು.

"ಮನ್ಯಾಗ ಎಲ್ಲಾರೂ ಬ್ಯಾಡ ಅಂದಿದ್ರು," ಅಂದಳು. "ಕಾಲಾಗ ಅಷ್ಟು ಬ್ಯಾನಿ ಇಟ್ಕೊಂಡು ಮಂದಿ ಮುಂದ ತುಟಿ ಪಿಟಕ್ ಅನ್ನದ ಕುಂತ್ರಲ್ಲ, ಅದನ್ನ ನೆನಸಿ ಒಳಗ ಹೋಗಿ ಅತ್ತಿದ್ದೆ. ಮಾಡ್ಕೊಂಡ್ರ ಇವರನ್ನ ಅಂತ ನಾನ ಹಟ ಹಿಡದೆ. ಪ್ಯಾಂಟಿಂದು ಅಂತ ಗೊತ್ತಿದ್ರ ಹ್ಞೂಂ ಅಂತಿರಲಿಲ್ರಿ."